ಗೋಕರ್ಣ

ಆಕಳ ಕಿವಿ ಎಂಬ ಅರ್ಥದ ಈ ಪದಕ್ಕೆ ಸಂಸ್ಕೃತದಲ್ಲಿ ಬೇರೆ ಅರ್ಥಗಳೂ ಇವೆ: ಹೆಬ್ಬೆರಳ ತುದಿಯಿಂದ ಉಂಗುರ ಬೆರಳ ತುದಿವರೆಗಿನ ಅಳತೆ, ಒಂದು ಜಾತಿಯ ಜಿಂಕೆ. ಮರಾಠಿಯಲ್ಲಿ ಶಂಖಪುಷ್ಪದ ಬಳ್ಳಿಯೂ ಗೋಕರ್ಣವೇ.

ನಮಗೆ ಮಾತ್ರ ಇದು ಗಂಗಾವಳಿ, ಅಘನಾಶಿನಿ ನದಿಗಳ ನಡುವಿನ ಊರು. ಹೆಸರಿಗೆ ಕತೆಗಳು ಹಲವು. ನೆಲಕ್ಕೆ ಕಚ್ಚಿಕೊಂಡ ಶಿವನ ಆತ್ಮಲಿಂಗವನ್ನು ರಾವಣ ಕೀಳಲೆಂದು ತಿರುಚಿದಾಗ ಅದು ಆಕಳ ಕಿವಿಯಂತಾಯಿತು ಎನ್ನುತ್ತದೆ ಒಂದು. ಗೋರೂಪದ ಭೂದೇವಿಯ ಕಿವಿಯಿಂದ ಶಿವ ಹೊರಬಂದ ಎನ್ನುತ್ತದೆ ಇನ್ನೊಂದು. ಹೆಸರಂತೂ ಬಹಳ ಹಳೆಯದು. ಮಹಾಭಾರತದ ತೀರ್ಥಗಳ ಸಾಲಿನಲ್ಲಿದೆ; ಕಾಳಿದಾಸನ ‘ರಘುವಂಶ’ದಲ್ಲಿ ನಾರದ ಹೊರಟಿದ್ದು ತೆಂಕಣ ಕಡಲ ದಡದ ಈ ಶಿವಕ್ಷೇತ್ರಕ್ಕೇ.

ಈಚೆಗೆ ‘ಗೋಕರ್ಣಕ್ಕೆ ಹೊರಟೆವು’ ಎಂದರೆ ಪುಣ್ಯಸ್ನಾನದ ಕೋಟಿತೀರ್ಥವೋ ಓಂ ಬೀಚೋ ಎಂದು ಕೇಳಬೇಕು. ಆಕಾರದಿಂದಲೇ ಹೆಸರು ಪಡೆದ ಓಂ ಬೀಚ್, ಈ ಊರಿನ ಹೆಸರಿಡುವ ಹಳೆಯ ಬಗೆಗೆ ಚೆನ್ನಾಗಿಯೇ ಹೊಂದುತ್ತದೆ.