ಫೋರ್ಡ್ ‘ಮಾಡೆಲ್ ಎ’ ಮೋಟಾರಿನ ಉಕ್ಕಿನ ಫ್ಯಾನು

ಅಮೆರಿಕದ ಫೋರ್ಡ್ ಕಂಪನಿಯ 1928–1931ರ ‘ಮಾಡೆಲ್ ಎ’ ಮೋಟಾರುಗಾಡಿಯಲ್ಲಿ, ನಾಲ್ಕು ಸಿಲಿಂಡರುಗಳ, 40 ಅಶ್ವಶಕ್ತಿಯ ಎಂಜಿನ್ನನ್ನು ತಂಪುಗೊಳಿಸಲೋಸುಗ, ವಾಟರ್ ಪಂಪಿನ ದಂಡಕ್ಕೇ ಜೋಡಿಸಲ್ಪಟ್ಟ ಈ ಎರಡಲಗಿನ ಫ್ಯಾನು ರೇಡಿಯೇಟರಿನ ಮೂಲಕ ಗಾಳಿಯನ್ನು ಸೆಳೆಯುತ್ತಿದ್ದಿತು. ವಿಮಾನದ ಪ್ರೊಪೆಲ್ಲರನ್ನು ಹೋಲುವ ಇದರ ಅಲಗುಗಳು ಘನವಾದವುಗಳಲ್ಲ. ಉಕ್ಕಿನ ತೆಳುತಗಡುಗಳನ್ನು ಅಚ್ಚೊತ್ತಿ, ಅಂಚುಗೂಡಿಸಿ ಬೆಸೆದುದರಿಂದ ಒಳಗೆ ಟೊಳ್ಳು ಉಳಿದು, ಅಲ್ಲಿ ಸೇರಿದ ತೇವವು ಕಾಲಕ್ರಮದಲ್ಲಿ ಕಣ್ಣಿಗೆ ಕಾಣದಂತೆ ತುಕ್ಕನ್ನು ಬೆಳೆಸುತ್ತದೆ. ಕೇಂದ್ರಾಪಗಾಮಿ ಬಲವೂ ಎಡೆಬಿಡದ ಕಂಪನವೂ ಅಲಗಿನ ಬುಡವನ್ನೇ ಪೀಡಿಸುವುದರಿಂದ, ಲೋಹವು ಬಲಗುಂದಿ, ಅತಿಸೂಕ್ಷ್ಮವಾಗಿ ಆರಂಭವಾದ ಬಿರುಕು ಬೆಳೆಬೆಳೆದು, ಕಡೆಗೊಮ್ಮೆ ಅಲಗೇ ಕಳಚಿ ಸಿಡಿದು ರೇಡಿಯೇಟರನ್ನೂ ಬಾನೆಟ್ಟನ್ನೂ ಸೀಳಬಲ್ಲುದು. ಆದಕಾರಣ ಹಳೆಯ ಫ್ಯಾನನ್ನು ಪರೀಕ್ಷಿಸದೆ ಎಂಜಿನ್ನನ್ನು ಚಾಲೂ ಮಾಡಬಾರದು. ತಿರುಗುವ ಅಲಗಿನ ನೇರದಲ್ಲಿ ಯಾರೂ ನಿಲ್ಲಕೂಡದು.