ಒಪ್ಪಂದಕ್ಕೂ ಮೊದಲು ಹುಟ್ಟಿದ ಕಾಲೇಜು

2002ರ ಆರಂಭದ ಮಾತು. ಆಗ ನಾನು ಮುಂಬಯಿಯ ಶಾಖೆಯೊಂದರಲ್ಲಿ ಫಾರೆಕ್ಸ್ ವಿಭಾಗದಲ್ಲಿದ್ದೆ. ದಿನಾ ಬರುತ್ತಿದ್ದ ದರಪಟ್ಟಿಯಿಂದ ಜರ್ಮನಿಯ ಮಾರ್ಕ್, ಫ್ರಾನ್ಸಿನ ಫ್ರಾಂಕ್, ಇಟಲಿಯ ಲೀರಾ ಎಲ್ಲ ಮಾಯವಾಗಿ ಯೂರೋ ಉಳಿಯಿತು. ಹನ್ನೆರಡು ದೇಶಗಳು ತಮ್ಮ ನೋಟನ್ನೇ ಬಿಟ್ಟುಕೊಟ್ಟವಲ್ಲ, ಇವರಿಗೆ ಈ ಪಾಠ ಹೇಳಿದವರು ಯಾರು ಅಂತ ಅನ್ನಿಸಿತ್ತು. ಬಿ.ಕಾಂ.ನಲ್ಲಿ ಯುರೋಪಿನ ಕಾಮನ್ ಮಾರ್ಕೆಟ್ ಬಗ್ಗೆ ನಾವು ಓದಿದ್ದು ಅರ್ಧ ಪುಟ. ಅದೂ ಪರೀಕ್ಷೆಗಾಗಿ!

ಆಮೇಲೆ ಓದುತ್ತಾ ಹೋದಾಗ ಬೆಲ್ಜಿಯಂನ ಬ್ರೂಜ್ ಎಂಬ ಊರಿನ 'ಕಾಲೇಜ್ ಆಫ್ ಯುರೋಪ್' ಬಗ್ಗೆ ತಿಳಿಯಿತು. 1948ರ ಮೇ ತಿಂಗಳಲ್ಲಿ ಹೇಗ್ ನಗರದಲ್ಲಿ ಒಂದು ದೊಡ್ಡ ಸಮ್ಮೇಳನ ನಡೆಯಿತು. ಮಹಾಯುದ್ಧ ಮುಗಿದು ಆಗಿನ್ನೂ ಮೂರು ವರ್ಷ. ನಿನ್ನೆ ಮೊನ್ನೆ ಬಡಿದಾಡಿಕೊಂಡ ದೇಶಗಳ ಪದವೀಧರರು ಒಟ್ಟಿಗೆ ಇದ್ದು ಓದಲಿ ಎಂಬ ವಿಚಾರವನ್ನು ಅಲ್ಲಿ ಮುಂದಿಟ್ಟವರು ಸ್ಪೇನ್ ಬಿಟ್ಟು ಬಂದಿದ್ದ ಸಾಲ್ವಡೋರ್ ದ ಮದರಿಯಾಗ. 1949ರಲ್ಲಿ ಕಾಲೇಜು ಶುರುವಾಯಿತು. ಮೊದಲ ರೆಕ್ಟರ್ ಹಾಲೆಂಡಿನ ಹೆಂಡ್ರಿಕ್ ಬ್ರುಗ್ಮನ್ಸ್, ಯುದ್ಧದಲ್ಲಿ ಜರ್ಮನ್ನರ ಒತ್ತೆಯಾಳಾಗಿದ್ದವರು.

ಲೆಕ್ಕದವನಾದ ನಾನು ತಾರೀಖು ನೋಡಿದೆ. ಕಲ್ಲಿದ್ದಲು-ಉಕ್ಕನ್ನು ಒಂದುಗೂಡಿಸೋಣ ಎಂದು ಶುಮನ್ ಹೇಳಿದ್ದು 1950ರಲ್ಲಿ. ಆರು ದೇಶಗಳು ಅದಕ್ಕೆ ಸಹಿ ಹಾಕಿದ್ದು 1951ರಲ್ಲಿ. ರೋಮ್ ಒಪ್ಪಂದವಾಗಿದ್ದು 1957ರಲ್ಲಿ. ಅಂದರೆ ಒಕ್ಕೂಟಕ್ಕಿಂತ ಅದನ್ನು ಕಲಿಸುವ ಕಾಲೇಜೇ ಮೊದಲು!

ಅಲ್ಲಿ ಓದು ಹೆಚ್ಚಾಗಿ ಒಂದೇ ವರ್ಷ. ಕಾನೂನು, ಅರ್ಥಶಾಸ್ತ್ರ, ರಾಜಕೀಯ, ಪಾಠ ಇಂಗ್ಲಿಷ್ ಮತ್ತು ಫ್ರೆಂಚಿನಲ್ಲಿ, ವಾಸ ಹಾಸ್ಟೆಲಿನಲ್ಲಿ. ಬ್ರಿಟನ್ನಿನ ಉಪಪ್ರಧಾನಿಯಾಗಿದ್ದ ನಿಕ್ ಕ್ಲೆಗ್‌ಗೆ ಸ್ಪೇನಿನ ಹುಡುಗಿ ಸಿಕ್ಕಿದ್ದು ಇಲ್ಲೇ. ಡೆನ್ಮಾರ್ಕಿನ ಪ್ರಧಾನಿಯಾಗಿದ್ದ ಹೆಲ್ಲೆ ಥಾರ್ನಿಂಗ್-ಸ್ಮಿಟ್‌ಗೆ ಬ್ರಿಟಿಷ್ ಗಂಡ ಸಿಕ್ಕಿದ್ದೂ ಇಲ್ಲೇ. ಹೀಗೆ ಒಪ್ಪಂದದಲ್ಲಿ ಬರೆಯದ ಸಂಬಂಧಗಳೂ ಕುದುರಿದವು.

ತಮಾಷೆ ಅಂದರೆ, 1988ರ ಸೆಪ್ಟೆಂಬರ್ 20ರಂದು ಮಾರ್ಗರೆಟ್ ಥ್ಯಾಚರ್ ಈ ಕಾಲೇಜಿನ ಅತಿಥಿಯಾಗಿ ಬಂದು, ಎಲ್ಲ ಅಧಿಕಾರವೂ ಬ್ರಸೆಲ್ಸ್‌ಗೆ ಹೋಗುವುದು ಬೇಡ ಎಂದು ಎಚ್ಚರಿಸಿದ್ದರು. 2016ರಲ್ಲಿ ಬ್ರಿಟನ್ನಿನ ಸುಮಾರು ಶೇಕಡಾ 52 ಮತದಾರರು ಒಕ್ಕೂಟವೇ ಬೇಡ ಎಂದರು. 2020ರ ಜನವರಿ 31ಕ್ಕೆ ಬ್ರಿಟನ್ ಹೊರನಡೆಯಿತು.

ಹಾಗಾದರೆ ಪಾಠ ಸೋತಿತೇ? ನನಗೆ ಹಾಗನ್ನಿಸುವುದಿಲ್ಲ. ಪಾಠ ಸಿಕ್ಕಿದ್ದು ಕೆಲವರಿಗೆ ಮಾತ್ರ. 1987ರಲ್ಲಿ ಎರಾಸ್ಮಸ್ ಯೋಜನೆ ಬಂದು ಬೇರೆ ವಿಶ್ವವಿದ್ಯಾಲಯಗಳ ಮಕ್ಕಳೂ ಪರದೇಶದಲ್ಲಿ ಕೆಲಕಾಲ ಓದುವಂತಾಯಿತು, ನಿಜ. ಆದರೆ ಕಾಲೇಜಿನ ಮೆಟ್ಟಿಲು ಹತ್ತದವರಿಗೆ ಆ ಅವಕಾಶ ಎಲ್ಲಿತ್ತು? ಮತ ಹಾಕುವವರಲ್ಲಿ ಅವರೂ ಇದ್ದರಲ್ಲ.

ಬ್ಯಾಂಕ್ ವಿಲೀನವನ್ನು ಹತ್ತಿರದಿಂದ ಕಂಡವನು ನಾನು. ಬೋರ್ಡು ಒಂದೇ ದಿನದಲ್ಲಿ ಬದಲಾಗುತ್ತೆ. ಆ ಬ್ಯಾಂಕಿನವರೂ ಈ ಬ್ಯಾಂಕಿನವರೂ ಒಂದೇ ಮೇಜಿನಲ್ಲಿ ಡಬ್ಬಿ ಬಿಚ್ಚಿ ಹಂಚಿಕೊಂಡು ಉಣ್ಣೋದಕ್ಕೆ ವರ್ಷಗಳೇ ಬೇಕು. ಊರು ಬಿಟ್ಟು ಬಂದ ನಮಗೆ ಇದನ್ನು ಬಿಡಿಸಿ ಹೇಳಬೇಕೇ?