ದುರಂತದ ಮಗ್ಗುಲಲ್ಲಿ ನಗುವವನು

ಕನ್ನಡದ ಸಿನಿಮಾ ಪ್ರೇಕ್ಷಕರಿಗೆ ಪೇಕೇಟಿ ಶಿವರಾಂ ಎಂದರೆ ನಿರ್ದೇಶಕ. ತ.ರಾ.ಸು. ಕಾದಂಬರಿಯನ್ನು ತೆರೆಗೆ ತಂದ ‘ಚಕ್ರತೀರ್ಥ’ (1967), ರಾಜ್‌ಕುಮಾರ್ ಮೂರು ಪಾತ್ರಗಳಲ್ಲಿ ಕಾಣಿಸಿಕೊಂಡ ‘ಕುಲಗೌರವ’ (1971), ‘ದಾರಿ ತಪ್ಪಿದ ಮಗ’ (1975) ಅವರ ಕೈಯಿಂದ ಬಂದವು. ತೆಲುಗರ ನೆನಪಿನಲ್ಲಿ ಉಳಿದಿರುವ ಪೇಕೇಟಿ ಬೇರೆ. ವೇದಾಂತಂ ರಾಘವಯ್ಯ ನಿರ್ದೇಶಿಸಿದ 1953ರ ‘ದೇವದಾಸು’ ಚಿತ್ರದಲ್ಲಿ ಅಕ್ಕಿನೇನಿ ನಾಗೇಶ್ವರರಾವ್ ಅವರ ಗೆಳೆಯ ಭಗವಾನ್ ಆಗಿದ್ದವರು ಅವರೇ. ಪ್ರೇಯಸಿ ಪಾರ್ವತಿಯನ್ನು ಕಳೆದುಕೊಂಡು ಬಂದವನಿಗೆ ನಗುನಗುತ್ತ ಕುಡಿತ ಕಲಿಸುವವನು, ವೇಶ್ಯೆ ಚಂದ್ರಮುಖಿಯ ಮನೆಯ ಮೆಟ್ಟಿಲು ತೋರಿಸುವವನು ಆ ಭಗವಾನ್. ಅವನಲ್ಲಿ ಕೇಡಿಲ್ಲ. ಗೆಳೆಯನ ಸಂಕಟ ಕಂಡು ತನಗೆ ಗೊತ್ತಿದ್ದ ಒಂದೇ ಮದ್ದನ್ನು ಕೊಟ್ಟ. ಆ ಮದ್ದೇ ಗೆಳೆಯನನ್ನು ತಿಂದಿತು.

‘ದೇವದಾಸು’ ತಯಾರಾದದ್ದು ಮದರಾಸಿನಲ್ಲಿ. ಅದು ತೆರೆಕಂಡ ಜೂನ್ ತಿಂಗಳಲ್ಲಿ ಆಂಧ್ರ ರಾಜ್ಯ ಇನ್ನೂ ಹುಟ್ಟಿರಲಿಲ್ಲ. ಹೈದರಾಬಾದ್ ಬೇರೆಯೇ ರಾಜ್ಯ. ಬೀದರ್, ಕಲಬುರಗಿ, ರಾಯಚೂರು ಅದರ ಜಿಲ್ಲೆಗಳು. ಮುಂದೆ ನಾಗೇಶ್ವರರಾವ್ ಮದರಾಸು ಬಿಟ್ಟು ಹೈದರಾಬಾದಿಗೆ ಬಂದು ನೆಲೆಸಿದರು, 1976ರಲ್ಲಿ ಅಲ್ಲಿ ಅನ್ನಪೂರ್ಣ ಸ್ಟುಡಿಯೋ ತೆರೆದರು. ಕಾಲಕ್ರಮದಲ್ಲಿ ತೆಲುಗು ಚಿತ್ರೋದ್ಯಮವೂ ಆ ದಾರಿ ಹಿಡಿಯಿತು. ನಾಯಕನ ಬಗಲಲ್ಲಿ ನಿಂತು ನಗಿಸುವ ಗೆಳೆಯನೂ ಅದರ ಜೊತೆಗೆ ಬಂದ. ಆದರೆ ಪ್ರೇಮಿಯ ಗೆಳೆಯ ಆ ಊರಿಗೆ ಹೊಸಬನಾಗಿರಲಿಲ್ಲ. ಊರು ಹುಟ್ಟಿ ಎರಡು ದಶಕ ತುಂಬುವ ಮೊದಲೇ ಅವನು ಅಲ್ಲಿನ ಕಾವ್ಯದಲ್ಲಿ ಬಂದು ಕೂತಿದ್ದ.

ಗೋಲ್ಕೊಂಡದ ಸುಲ್ತಾನ ಮುಹಮ್ಮದ್ ಕುಲಿ ಕುತುಬ್ ಶಾಹ ಹೈದರಾಬಾದನ್ನು ಕಟ್ಟಿಸಿದ್ದು 1591ರಲ್ಲಿ. ಅವನ ಆಸ್ಥಾನ ಕವಿ ಮುಲ್ಲಾ ವಜಹಿ 1609ರಲ್ಲಿ ‘ಕುತುಬ್ ಮುಶ್ತರಿ’ ಎಂಬ ದಖನಿ ಕಥನಕಾವ್ಯ ಬರೆದ. ದೊರೆಯೇ ಅದರ ನಾಯಕ. ರಾಜಕುಮಾರ ಕನಸಿನಲ್ಲಿ ಚೆಲುವೆಯೊಬ್ಬಳನ್ನು ಕಂಡು ಮನಸೋಲುತ್ತಾನೆ. ಅವಳು ಬಂಗಾಳದ ರಾಜಕುಮಾರಿ ಮುಶ್ತರಿ ಎಂದು ಗುರುತು ಹೇಳುವವನು ಅತಾರಿದ್ ಎಂಬ ಚಿತ್ರಕಾರ. ಇಬ್ಬರೂ ಹೊರಡುತ್ತಾರೆ. ಬಂಗಾಳದ ಅರಮನೆಯ ಗೋಡೆಗಳಿಗೆ ಚಿತ್ರ ಬರೆಯುವ ಕೆಲಸ ಹಿಡಿದ ಅತಾರಿದ್, ಆ ಚಿತ್ರಗಳ ನಡುವೆ ತನ್ನ ಗೆಳೆಯನ ಮುಖವನ್ನೂ ಬರೆದುಬಿಡುತ್ತಾನೆ. ಮುಶ್ತರಿ ಅದನ್ನು ನೋಡಿ ಸೋಲುತ್ತಾಳೆ. ಮುಂದಿನದು ಮದುವೆ.

ಈ ಕಾವ್ಯದ ಮುಖ್ಯ ಪಾತ್ರಗಳಿಗೆಲ್ಲ ಆಕಾಶದ ಹೆಸರುಗಳು. ಕುತುಬ್ ಎಂದರೆ ಧ್ರುವ, ಮುಶ್ತರಿ ಎಂದರೆ ಗುರು, ಅವಳ ತಂಗಿ ಝೊಹರಾ ಶುಕ್ರ, ಝೊಹರಾಳನ್ನು ಪ್ರೀತಿಸುವ ಮಿರ್ರೀಖ್ ಮಂಗಳ. ಅತಾರಿದ್ ಬುಧ: ವಿದ್ಯೆಗೂ ಚುರುಕಿಗೂ ಒಡೆಯನಾದ ಗ್ರಹ. ವಜಹಿ ಬರೆಯುವುದಕ್ಕೆ ಹದಿನಾಲ್ಕು ಹದಿನೈದು ವರ್ಷ ಮೊದಲು ಲಂಡನ್ನಿನಲ್ಲಿ ಶೇಕ್ಸ್‌ಪಿಯರ್ ರೋಮಿಯೋವಿನ ಗೆಳೆಯನನ್ನು ಸೃಷ್ಟಿಸಿದ್ದ. ಆ ಮರ್ಕ್ಯುಶಿಯೋವಿನ ಹೆಸರಿನಲ್ಲಿರುವುದೂ ಅದೇ ಬುಧ. ಒಬ್ಬರಿಗೊಬ್ಬರ ಸುಳಿವಿಲ್ಲದ ಇಬ್ಬರು ಕವಿಗಳು ಪ್ರೇಮಿಯ ಪಕ್ಕದಲ್ಲಿ ನಿಲ್ಲಿಸಲು ಒಂದೇ ಗ್ರಹವನ್ನು ಆರಿಸಿಕೊಂಡದ್ದು ಸೋಜಿಗ. ಆದರೆ ಅವರು ಅವನನ್ನು ನಡೆಸಿಕೊಂಡ ಬಗೆ ತೀರ ಬೇರೆ. ಗೋಲ್ಕೊಂಡದ ಬುಧ ತನ್ನ ಜಾಣ್ಮೆಯಿಂದ ಮದುವೆ ಮಾಡಿಸಿದ. ಲಂಡನ್ನಿನ ಬುಧ ಬೀದಿ ಜಗಳದಲ್ಲಿ ಕತ್ತಿ ತಿಂದು ಸತ್ತ.

ಶೇಕ್ಸ್‌ಪಿಯರನಿಗೆ ಮೂಲವಾಗಿದ್ದ ಆರ್ಥರ್ ಬ್ರೂಕನ 1562ರ ಕಾವ್ಯದಲ್ಲಿ ಮರ್ಕ್ಯುಶಿಯೋ ಔತಣಕೂಟದಲ್ಲಿ ಒಮ್ಮೆ ಬಂದುಹೋಗುವ ಚಿಕ್ಕ ಪಾತ್ರ. ಅವನನ್ನು ಮಾತಿನ ಮಲ್ಲನನ್ನಾಗಿ ಬೆಳೆಸಿ, ನಾಟಕದ ನಟ್ಟನಡುವೆ, ಮೂರನೆಯ ಅಂಕದಲ್ಲಿ ಕೊಲ್ಲಿಸಿದ್ದು ಶೇಕ್ಸ್‌ಪಿಯರನ ನಿರ್ಧಾರ. ಅಲ್ಲಿಯವರೆಗೆ ಆ ನಾಟಕ ಹಾಸ್ಯದ ಜಾಡಿನಲ್ಲೇ ನಡೆಯುತ್ತಿರುತ್ತದೆ; ಅವನು ಬಿದ್ದ ಗಳಿಗೆಯಿಂದ ಅದಕ್ಕೆ ಹಿಂದಿರುಗುವ ದಾರಿಯೇ ಇಲ್ಲ. ಅವನನ್ನು ಕೊಲ್ಲದಿದ್ದರೆ ಅವನೇ ತನ್ನನ್ನು ಕೊಲ್ಲುತ್ತಿದ್ದ ಎಂದು ಶೇಕ್ಸ್‌ಪಿಯರ್ ಹೇಳುತ್ತಿದ್ದನಂತೆ ಎಂಬ ಮಾತನ್ನು 1672ರಲ್ಲಿ ಇಂಗ್ಲಿಷ್ ಕವಿ ಡ್ರೈಡನ್ ದಾಖಲಿಸಿದ್ದಾನೆ. ನಾಟಕ ಕನ್ನಡಕ್ಕೆ ‘ರಾಮವರ್ಮ ಲೀಲಾವತಿ’ಯಾಗಿ ಬಂದದ್ದು 1889ರಲ್ಲಿ. ಆ ಕಾಲದ ಕನ್ನಡ ರಂಗಭೂಮಿಗೆ ಪ್ರೇಮಿಗಳ ಹೆಣ ನೋಡುವ ಅಭ್ಯಾಸವಿರಲಿಲ್ಲ, ಕಥೆಯನ್ನು ಸುಖಾಂತ ಮಾಡಲಾಯಿತು.

ಸುಖಾಂತದ ಈ ಅಭ್ಯಾಸ ಸಂಸ್ಕೃತ ನಾಟಕದಿಂದ ಬಂದದ್ದು. ಅಲ್ಲಿ ನಾಯಕನ ಗೆಳೆಯ ವಿದೂಷಕ: ತಿಂಡಿಪೋತ, ಪುಕ್ಕಲ, ಬಾಯಿಬಡುಕ. ಎಷ್ಟೇ ಗೋಳಾಡಿದರೂ ಕೊನೆಗೆ ಎಲ್ಲರೂ ಒಂದಾಗುತ್ತಾರೆ ಎಂಬುದು ನೋಡುವವರಿಗೆ ಗೊತ್ತಿರುವುದರಿಂದ ಅವನ ನಗುವಿಗೆ ಬೆಲೆ ತೆರುವವರಿಲ್ಲ ಎನ್ನಿಸುತ್ತದೆ. ಕಾಳಿದಾಸ ಮಾತ್ರ ಈ ಪಾತ್ರದೊಳಗೆ ಒಂದು ಮುಳ್ಳು ಇಟ್ಟಿದ್ದಾನೆ. ಶಾಕುಂತಲದ ಎರಡನೆಯ ಅಂಕದಲ್ಲಿ ದುಷ್ಯಂತ ತನ್ನ ಪ್ರೇಮದ ವಿಷಯ ವಿದೂಷಕ ಮಾಧವ್ಯನ ಬಳಿ ಹೇಳಿಕೊಳ್ಳುತ್ತಾನೆ. ಆಮೇಲೆ ಇವನು ಅಂತಃಪುರದಲ್ಲಿ ಬಾಯಿಬಿಟ್ಟಾನೆಂದು ಹೆದರಿ, ಅದೆಲ್ಲ ತಮಾಷೆ, ನಿಜವೆಂದುಕೊಳ್ಳಬೇಡ ಎನ್ನುತ್ತಾನೆ. ಐದನೆಯ ಅಂಕದಲ್ಲಿ ಶಕುಂತಲೆ ಆಸ್ಥಾನಕ್ಕೆ ಬರುವ ಹೊತ್ತಿಗೆ ಮಾಧವ್ಯ ಅಲ್ಲಿಲ್ಲ, ರಾಣಿ ಹಂಸಪದಿಕೆಯನ್ನು ಸಮಾಧಾನ ಮಾಡಲು ದೊರೆಯೇ ಅವನನ್ನು ಕಳಿಸಿದ್ದಾನೆ. ನೆನಪು ಮರಳಿದ ಮೇಲೆ ದುಷ್ಯಂತ ಕೇಳುತ್ತಾನೆ, ನೀನಾದರೂ ಯಾಕೆ ನೆನಪಿಸಲಿಲ್ಲ? ತಮಾಷೆ ಎಂದವನು ನೀನೇ ಅಲ್ಲವೇ ಎನ್ನುವುದು ಅವನ ಉತ್ತರ. ದೊರೆಯ ನೆನಪು ಅಳಿಸಿದ ದೂರ್ವಾಸರ ಶಾಪದ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಶಾಪದಷ್ಟೇ ಕೆಲಸ ಮಾಡಿದ್ದು ನಗಿಸುವವನ ಮಾತನ್ನು ಯಾರೂ ಲೆಕ್ಕಕ್ಕೆ ಇಡದ ರೂಢಿ.

ಹತ್ತೊಂಬತ್ತನೆಯ ಶತಮಾನದ ಕಂಪನಿ ನಾಟಕಗಳು ಈ ಗೆಳೆಯನನ್ನು ಬೇರೆ ಕಡೆಗೆ ಎಳೆದವು. 1872ರಲ್ಲಿ ನಿಜಾಮರ ದಿವಾನ ಸಾಲಾರ್ ಜಂಗ್ ಕರೆಸಿಕೊಂಡಿದ್ದರಿಂದ ಮುಂಬೈಯ ವಿಕ್ಟೋರಿಯಾ ನಾಟಕ ಮಂಡಳಿ ಹೈದರಾಬಾದಿಗೆ ಬಂತು. ಪಾರ್ಸಿ ಕಂಪನಿಗಳು ಬೆಳೆಸಿದ ಪದ್ಧತಿಯಲ್ಲಿ ಗಂಭೀರ ಕಥೆ ಒಂದು ಕಡೆ, ಅದಕ್ಕೆ ಹೊಂದಿಯೂ ಹೊಂದದಂತೆ ‘ಕಾಮಿಕ್’ ಇನ್ನೊಂದು ಕಡೆ. ದೊಡ್ಡ ದೃಶ್ಯಕ್ಕೆ ರಂಗ ಸಜ್ಜಾಗುವವರೆಗೆ ಮುಂದಿನ ಪರದೆಯ ಎದುರು ಹಾಸ್ಯದವರು ಆಡುತ್ತಿದ್ದರು. ಕನ್ನಡದ ಕಂಪನಿಗಳೂ ಇದನ್ನು ಅಪ್ಪಿಕೊಂಡವು. ಹಾಸ್ಯನಟನೇ ಕಂಪನಿಯ ಯಜಮಾನನಾಗಿ ಮೆರೆದ ಗುಬ್ಬಿ ವೀರಣ್ಣನವರ ಉದಾಹರಣೆ ಕಣ್ಣೆದುರಿಗಿದೆ. ಹಾಸ್ಯಕ್ಕೆ ಇದರಿಂದ ದೊಡ್ಡ ಮರ್ಯಾದೆ ಸಿಕ್ಕಿತು. ಆದರೆ ನಷ್ಟವೂ ಆಯಿತು. ನಗಿಸುವವನಿಗೂ ಅಳುವವನಿಗೂ ನಡುವೆ ಪರದೆ ಬಿತ್ತು. ನಾಯಕ ಸತ್ತರೂ ಕಾಮಿಕ್‌ನವನ ಸಂಸಾರ ಸುಖವಾಗಿ ನಡೆದಿರುತ್ತಿತ್ತು.

ಪರದೆಯೇ ಇಲ್ಲದ ಬಯಲಿನಲ್ಲಿ ಹಾಗಾಗಲಿಲ್ಲ.

ಬೆಳಗಾವಿ ಜಿಲ್ಲೆಯ ಬೈಲಹೊಂಗಲದಲ್ಲಿ ನಡೆದ ಒಂದು ಕೊಲೆಯನ್ನು ಹಿಡಿದು ಅಲ್ಲಿನ ಪತ್ತಾರ ಮಾಸ್ತರರು ಕಟ್ಟಿದ ಸಣ್ಣಾಟ ‘ಸಂಗ್ಯಾ ಬಾಳ್ಯಾ’. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ರಾತ್ರಿಯಿಡೀ ಆಡುತ್ತಿದ್ದ, ದಪ್ಪಿನಾಟ ಎಂದೂ ಕರೆಯುತ್ತಿದ್ದ ಈ ಪ್ರಕಾರದಲ್ಲಿ ದೇವರ ಕಥೆಯ ಜಾಗಕ್ಕೆ ಊರಿನ ಕಥೆ ಬಂತು. ಉಳ್ಳವರ ಮನೆಯ ಹುಡುಗ ಸಂಗ್ಯಾ, ವ್ಯಾಪಾರಿ ಈರಣ್ಣನ ಹೆಂಡತಿ ಗಂಗಿಯನ್ನು ಕಂಡು ಮರುಳಾಗುತ್ತಾನೆ. ಅವನ ಜೀವದ ಗೆಣೆಯ ಬಾಳ್ಯಾ. ಸಂಗ್ಯಾನ ಹಾಡಿಗೆ ಬಾಳ್ಯಾನ ಮಾತು, ಅವನ ಬಿಸಿಯುಸಿರಿಗೆ ಇವನ ಚೇಷ್ಟೆ. ಇಬ್ಬರ ಮಾತುಕತೆಯ ಬಿರುಸಿನ ಮೇಲೆ ಆಟದ ಮೊದಲರ್ಧ ನಿಂತಿದೆ. ಮುಂದೆ ವಿಷಯ ಈರಣ್ಣನಿಗೂ ಅವನ ತಮ್ಮಂದಿರಿಗೂ ತಿಳಿಯುತ್ತದೆ. ಅವರು ಬಾಳ್ಯಾನಿಗೆ ಆಸೆ ತೋರಿಸುತ್ತಾರೆ. ಬಾಳ್ಯಾ ಗೆಳೆಯನನ್ನು ಒಪ್ಪಿಸಿಬಿಡುತ್ತಾನೆ. ಸಂಗ್ಯಾ ಕೊಲೆಯಾಗುತ್ತಾನೆ.

ಈ ಆಟದ ಹೆಸರನ್ನೇ ನೋಡಬೇಕು. ಲೈಲಾ ಮಜ್ನೂ, ಹೀರ್ ರಾಂಝಾ, ರೋಮಿಯೋ ಜೂಲಿಯೆಟ್: ಜಗತ್ತಿನ ದುರಂತ ಪ್ರೇಮಕಥೆಗಳು ಗಂಡು ಹೆಣ್ಣಿನ ಜೋಡಿಹೆಸರು ಹೊತ್ತಿವೆ. ಇಲ್ಲಿ ಗಂಗಿಯ ಹೆಸರಿಲ್ಲ. ಜನ ಇಬ್ಬರು ಗಂಡಸರ ಹೆಸರನ್ನು ಕೂಡಿಸಿ ಕರೆದರು. ತಾವು ನೋಡುತ್ತಿರುವುದು ಗೆಳೆತನದ ದುರಂತ ಎಂಬುದು ಅವರಿಗೆ ಸ್ಪಷ್ಟವಾಗಿತ್ತು. ಗಂಡನ ಸಿಟ್ಟಿನಿಂದ ಸಂಗ್ಯಾ ಸಾಯುವುದು ಊರಿಗೆ ನಿರೀಕ್ಷಿತವೇ ಇದ್ದೀತು. ಹೊಟ್ಟೆ ಹುಣ್ಣಾಗುವಂತೆ ನಗಿಸಿದ ಬಾಳ್ಯಾನೇ ಅವನನ್ನು ಮಾರಿದ ಎಂಬುದನ್ನು ಯಾರೂ ಅರಗಿಸಿಕೊಳ್ಳಲಾರರು. ಈ ಆಟವನ್ನು ಸಂಪಾದಿಸಿ ಓದುಗರ ಮುಂದಿಟ್ಟ ಚಂದ್ರಶೇಖರ ಕಂಬಾರರು ಬಯಲಾಟದ ಇದೇ ಮಣ್ಣಿನಿಂದ ‘ಜೋಕುಮಾರಸ್ವಾಮಿ’ಯನ್ನು ಬೆಳೆಸಿದರು. ಕನ್ನಡದಲ್ಲಿ ದುರಂತ ನಾಟಕ ಇಂಗ್ಲಿಷ್ ಓದಿದವರಿಂದ ಬಂತು ಎನ್ನುವವರು ಬೈಲಹೊಂಗಲದ ಕಡೆಗೊಮ್ಮೆ ತಿರುಗಬೇಕು.

ಬಾಳ್ಯಾನ ಪಕ್ಕ ಇಟ್ಟು ನೋಡಿದರೆ ದೇವದಾಸನ ಗೆಳೆಯ ಮೃದು ಮನುಷ್ಯ. ಶರಚ್ಚಂದ್ರರು 1917ರಲ್ಲಿ ಪ್ರಕಟಿಸಿದ ಕಾದಂಬರಿಯಲ್ಲಿ ಅವನು ಚುನಿಲಾಲ್, ಕಲ್ಕತ್ತೆಯ ಮೆಸ್ಸಿನಲ್ಲಿ ಜೊತೆಗಿರುವವನು. ಚಂದ್ರಮುಖಿಯ ಮನೆಗೆ ದಾರಿ ಮಾಡಿಕೊಟ್ಟ ಮೇಲೆ ಕಾದಂಬರಿಕಾರರಿಗೆ ಅವನಿಂದ ಹೆಚ್ಚು ಕೆಲಸವಿಲ್ಲ. ಸಿನಿಮಾದವರು ಅವನನ್ನು ಹಾಗೆ ಬಿಟ್ಟುಕೊಡಲಿಲ್ಲ. ಬಿಮಲ್ ರಾಯ್ ಅವರ 1955ರ ಹಿಂದಿ ಚಿತ್ರದಲ್ಲಿ ಮೋತಿಲಾಲ್ ಮಾಡಿದ ಚುನ್ನಿಬಾಬು, ದೇವದಾಸನ ಕೊನೆಯ ಪ್ರಯಾಣದ ರೈಲಿನಲ್ಲಿ ಮತ್ತೆ ಎದುರಾಗುತ್ತಾನೆ. ಅದೇ ಹಳೆಯ ಸಲಿಗೆ, ಅದೇ ನಗು, ಮತ್ತೆ ಕುಡಿತ. ಹೊಟ್ಟೆಗೆ ಹನಿ ಹೋದರೂ ಸಾವು ಎಂದು ವೈದ್ಯರು ಹೇಳಿದ್ದು ಅವನಿಗೆ ಗೊತ್ತಿಲ್ಲ. ಈ ಪಾತ್ರಕ್ಕೆ ಮೋತಿಲಾಲ್ ಫಿಲ್ಮ್‌ಫೇರ್ ಪ್ರಶಸ್ತಿ ಪಡೆದರು. ನಾಯಕನನ್ನು ಇಷ್ಟು ಪ್ರೀತಿಯಿಂದ ಸಾವಿನ ಕಡೆಗೆ ಕೈಹಿಡಿದು ನಡೆಸುವ ಇನ್ನೊಂದು ಪಾತ್ರ ಭಾರತೀಯ ಸಿನಿಮಾದಲ್ಲಿ ಸಿಗುವುದು ಕಷ್ಟ.

ಇಂಥ ಗೆಳೆಯನನ್ನು ಅರ್ಥ ಮಾಡಿಕೊಳ್ಳಲು ಹೈದರಾಬಾದಿನಷ್ಟು ತಕ್ಕ ಊರು ಬೇರೆ ಇಲ್ಲ. ದಖನಿ ಮಾತಿನಲ್ಲಿ ದುಃಖವನ್ನೂ ನಗೆಯ ಧಾಟಿಯಲ್ಲಿ ಹೇಳುವ ರೂಢಿಯಿದೆ. ಆ ಊರಿನ ಹಾಸ್ಯಗಾರರು ‘ಝಿಂದಾ ದಿಲಾನ್-ಎ-ಹೈದರಾಬಾದ್’ ಎಂಬ ಕೂಟ ಕಟ್ಟಿಕೊಂಡರು; ನಗೆಬರಹಕ್ಕೆಂದೇ ‘ಶಗೂಫಾ’ ಎಂಬ ಉರ್ದು ಪತ್ರಿಕೆ 1968ರಲ್ಲಿ ಹುಟ್ಟಿತು. ಬೀದರ್ ಜಿಲ್ಲೆಯ ಚಿಟಗುಪ್ಪದಲ್ಲಿ ಹುಟ್ಟಿ ಕಲಬುರಗಿಯಲ್ಲಿ ಬಾಳಿದ ಸುಲೇಮಾನ್ ಖತೀಬ್ (1922–1978) ಈ ದಾರಿಯ ದೊಡ್ಡ ಹೆಸರು. ಬಡಮನೆಯ ಜಗಳ, ಅತ್ತೆ ಸೊಸೆಯರ ಮಾತು, ಮದುವೆಯ ವ್ಯವಹಾರ ಇವನ್ನೆಲ್ಲ ಅವರು ಮುಶಾಯಿರಾಗಳಲ್ಲಿ ಹಾಡಿದಾಗ ಜನ ಮೊದಲು ನಗುತ್ತಿದ್ದರು, ಆಮೇಲೆ ಸುಮ್ಮನಾಗುತ್ತಿದ್ದರು.

ಅದೇ ಮದುವೆಯ ವ್ಯವಹಾರ ಹಿಡಿದು ಸಾಗರ್ ಸರ್ಹದಿ 1982ರಲ್ಲಿ ‘ಬಾಜಾರ್’ ಎಂಬ ಹಿಂದಿ ಚಿತ್ರ ಮಾಡಿದರು. ಕಥೆ ನಡೆಯುವುದು ಹೈದರಾಬಾದಿನಲ್ಲಿ. ಗಲ್ಫಿನಲ್ಲಿ ದುಡ್ಡು ಮಾಡಿದ ವಯಸ್ಸಾದ ಶಾಕಿರ್ ಖಾನನಿಗೆ ಎಳೆಯ ಹೆಂಡತಿ ಬೇಕು. ತನ್ನ ಮದುವೆಗೆ ಇವನ ನೆರವು ಸಿಕ್ಕೀತೆಂಬ ಆಸೆಯಿಂದ ನಜ್ಮಾ (ಸ್ಮಿತಾ ಪಾಟೀಲ್) ಹುಡುಗಿ ಹುಡುಕಿಕೊಡಲು ಒಪ್ಪುತ್ತಾಳೆ. ಆರಿಸಿದ ಹುಡುಗಿ ಶಬ್ನಮ್ (ಸುಪ್ರಿಯಾ ಪಾಠಕ್), ನಜ್ಮಾ ತಮ್ಮನಂತೆ ಕಾಣುವ ಸರ್ಜುವಿನ (ಫಾರೂಕ್ ಶೇಖ್) ಪ್ರೇಯಸಿ ಎಂಬುದು ತಿಳಿಯುವಷ್ಟರಲ್ಲಿ ತಡವಾಗಿರುತ್ತದೆ. ಶಬ್ನಮ್ ವಿಷ ಕುಡಿದು ಸಾಯುತ್ತಾಳೆ. ಆ ಎಳೆಯ ಪ್ರೇಮಕ್ಕೆ ಖಯ್ಯಾಮ್ ರಾಗ ಹಾಕಿದ್ದು ಹೈದರಾಬಾದಿನ ಕವಿ ಮಖ್ದೂಮ್ ಮೊಹಿಯುದ್ದೀನರ ಗಜಲಿಗೆ. ತೆಲಂಗಾಣದ ರೈತ ಹೋರಾಟದಲ್ಲಿದ್ದ ಕವಿಯ ಹೂವಿನಂಥ ಗಜಲು ಈ ಕಥೆಯಲ್ಲಿ ಬಂದು ಸೇರಿದ್ದು ಸಣ್ಣ ಸಂಗತಿಯಲ್ಲ.

ಈ ಎಲ್ಲರ ನಡುವೆ ಸಲೀಮ್ ಎಂಬ ಶಾಯರ್ ಇದ್ದಾನೆ. ನಸೀರುದ್ದೀನ್ ಶಾ ಮಾಡಿದ ಪಾತ್ರ. ನಜ್ಮಾಳ ಗೆಳೆಯ, ಅವಳನ್ನು ಪ್ರೀತಿಸುತ್ತಾನೆ, ಅವಳು ತನಗೆ ಸಿಗುವುದಿಲ್ಲವೆಂದೂ ಗೊತ್ತು. ಕುಡಿಯುತ್ತಾನೆ, ಕೊಂಕು ಮಾತಾಡುತ್ತಾನೆ, ಗಂಭೀರವಾಗಿ ಕೂತವರ ನಡುವೆ ಒಂದು ಮಾತು ಎಸೆದು ಎಲ್ಲರ ಮುಖ ಕೆಡಿಸುತ್ತಾನೆ. ಇಲ್ಲಿ ನಡೆಯುತ್ತಿರುವುದು ಮದುವೆಯಲ್ಲ, ಮಾರಾಟ ಎಂದು ಮೊದಲು ಕಂಡವನು ಅವನು. ಹೇಳುವವನೂ ಅವನೇ. ದೇವದಾಸನ ಕಥೆಯಲ್ಲಿ ಗೆಳೆಯನಿಗೆ ಗೊತ್ತಿರಲಿಲ್ಲ, ಬೈಲಹೊಂಗಲದಲ್ಲಿ ಗೊತ್ತಿದ್ದೂ ಗೆಳೆಯ ಮಾರಿದ. ಸಲೀಮನಿಗೆ ಗೊತ್ತಿದೆ, ಅವನನ್ನು ಕೊಳ್ಳುವವರೂ ಇಲ್ಲ. ಆದರೂ ಮದುವೆ ನಿಲ್ಲುವುದಿಲ್ಲ. ಕುಡುಕ ಕವಿಯ ಮಾತು ಎಂದು ಎಲ್ಲರೂ ಪಕ್ಕಕ್ಕೆ ತಳ್ಳುತ್ತಾರೆ, ಮಾಧವ್ಯನಿಗೆ ಆದಂತೆಯೇ. ನಸೀರ್ ಆ ನಗೆಯನ್ನು ಎಷ್ಟು ಕಹಿಯಾಗಿ ನಗುತ್ತಾರೆಂದರೆ ಹಾಸ್ಯಪಾತ್ರ ಎಂಬ ಮಾತೇ ಅಲ್ಲಿ ಸಲ್ಲುವುದಿಲ್ಲ. ಹಾಗಿದ್ದೂ ಅವನು ವಿದೂಷಕನ ಕುಲದವನೇ.

ಚಿತ್ರ ಬಂದಾಗ ಮದುವೆಯ ಹೆಸರಿನ ಈ ಮಾರಾಟದ ಕಥೆ ಅತಿಯಾಯಿತು ಎಂದುಕೊಂಡವರಿದ್ದರೆ ಅವರಿಗೆ ಉತ್ತರ ಒಂಬತ್ತು ವರ್ಷದ ಮೇಲೆ ಸಿಕ್ಕಿತು. 1991ರಲ್ಲಿ ಹೈದರಾಬಾದಿನಿಂದ ದೆಹಲಿಗೆ ಹೊರಟ ವಿಮಾನದಲ್ಲಿ ಪುಟ್ಟ ಹುಡುಗಿಯೊಬ್ಬಳು ಅಳುತ್ತಿದ್ದಳು. ಪಕ್ಕದಲ್ಲಿ ಸೌದಿ ಅರೇಬಿಯಾದ ಮುದುಕ; ಅವಳನ್ನು ಮದುವೆಯಾಗಿ ಕರೆದೊಯ್ಯುತ್ತಿದ್ದ. ಯಾಕೆ ಅಳುತ್ತೀ ಎಂದು ವಿಮಾನದ ಪರಿಚಾರಿಕೆ ಕೇಳಿದಳು, ಹುಡುಗಿ ಹೇಳಿದಳು. ವಿಷಯ ಪೊಲೀಸರಿಗೆ ಮುಟ್ಟಿತು, ದೆಹಲಿಯಲ್ಲಿ ಆ ಮನುಷ್ಯನ ಬಂಧನವಾಯಿತು, ಹುಡುಗಿ ಗಲ್ಫಿಗೆ ಹೋಗುವುದು ತಪ್ಪಿತು.